ಮಾರಾಟಕ್ಕಿರುವ ಹಳೆಯ ಮನೆಗೆ ಯಾವ ಬಣ್ಣ ಹೊಡೆಸಬೇಕು? ರೆಡ್ ಆಕ್ಸೈಡ್ ನೆಲ, ಪಿಸ್ತಾ ಹಸಿರು ಗೋಡೆ

ಕುವೆಂಪುನಗರದ ಮನೆ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ 1986ರಲ್ಲಿ ನಮ್ಮ ತಂದೆಯವರು ಕಟ್ಟಿಸಿದ ಮನೆಯನ್ನು ಈ ವರ್ಷ ಮಾರಬೇಕೆಂದು ಅಮ್ಮ ಮತ್ತು ನಾವು ಮೂವರು ಮಕ್ಕಳು ಕೂತು ತೀರ್ಮಾನಿಸಿದ್ದೇವೆ. ತಂದೆಯವರು ಹೋಗಿ ಎರಡು ವರ್ಷವಾಯಿತು, ಅಮ್ಮ ನನ್ನೊಂದಿಗೆ ಬೆಂಗಳೂರಿನಲ್ಲಿದ್ದಾರೆ, ಮನೆಗೆ ಬೀಗ ಬಿದ್ದಿದೆ. 30–40ರ ನಿವೇಶನ, ಪೂರ್ವದ ಬಾಗಿಲು, ಒಳಗೆ ಸುಮಾರು 900 ಚದರ ಅಡಿ. ನಡುಮನೆ ಮತ್ತು ದೇವರಮನೆಯಲ್ಲಿ ರೆಡ್ ಆಕ್ಸೈಡ್ ನೆಲವಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಇಂದಿಗೂ ಕಿಟಕಿಯ ಸರಳುಗಳ ನೆರಳು ಅದರಲ್ಲಿ ಕಾಣುತ್ತದೆ. ಮಲಗುವ ಕೋಣೆಗಳ ನೆಲ ಮೊಸಾಯಿಕ್.

ತೊಡಕಿರುವುದು ಗೋಡೆಗಳ ವಿಷಯದಲ್ಲಿ. ನಡುಮನೆಗೆ ಪಿಸ್ತಾ ಹಸಿರು, ಒಂದು ಕೋಣೆಗೆ ಗುಲಾಬಿ, ಇನ್ನೊಂದಕ್ಕೆ ಆಕಾಶನೀಲಿ, ದೇವರಮನೆಗೆ ಅರಿಸಿನ ಬಣ್ಣ, ಎಲ್ಲವೂ ಡಿಸ್ಟೆಂಪರ್, ಅಂದರೆ ಸೀಮೆಸುಣ್ಣದ ಪುಡಿ ಸೇರಿದ ಅಗ್ಗದ ಗೋಡೆಬಣ್ಣ. ಅಣ್ಣ ಎಲ್ಲ ಕಡೆಗೂ ಅಚ್ಚ ಬಿಳಿ ಹೊಡೆಸೋಣ ಎನ್ನುತ್ತಾರೆ. ತಂಗಿ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಇರುವಂತೆ ತಿಳಿಬೂದು ಬಣ್ಣ ಬೇಕೆನ್ನುತ್ತಾಳೆ. ಬಣ್ಣ ಹೊಡೆಯುವವರು ಒಂದು ಗೋಡೆಗೆ ಕಡುಬಣ್ಣದ ಟೆಕ್ಸ್ಚರ್ ಮಾಡಿಸಿದರೆ ಮನೆ ಬೇಗ ಹೋಗುತ್ತದೆ ಎನ್ನುತ್ತಿದ್ದಾರೆ. ಇದರ ಜೊತೆಗೆ ಎರಡು ಸಂಗತಿಗಳಿವೆ. ನಡುಮನೆಯ ಕಿಟಕಿಯ ಪಕ್ಕದಲ್ಲಿ ತಂದೆಯವರು ಮೂವತ್ತು ವರ್ಷ ಕೂತು ಪತ್ರಿಕೆ ಓದಿದ ಜಾಗದಲ್ಲಿ, ಅವರು ತಲೆ ಒರಗಿಸುತ್ತಿದ್ದ ಎತ್ತರಕ್ಕೆ, ಎಣ್ಣೆಯ ಕಲೆಯೊಂದು ತಟ್ಟೆಯಗಲ ಮೂಡಿದೆ, ಎಷ್ಟು ಸಲ ಬಣ್ಣ ಹೊಡೆಸಿದರೂ ಮತ್ತೆ ಮೇಲೆ ಬಂದಿದೆ. ಹಿಂದಿನ ಕೋಣೆಯಲ್ಲಿ ಬಚ್ಚಲುಮನೆಗೆ ಅಂಟಿದ ಗೋಡೆಯ ಕೆಳಭಾಗ ತೇವ ಹಿಡಿದು ಬಣ್ಣ ಹಕ್ಕಳೆಯಾಗಿ ಏಳುತ್ತಿದೆ. ಒಳಗಿನ ಕೆಲಸವನ್ನು ಆಷಾಢದಲ್ಲಿಯೇ ಮುಗಿಸಿ, ಶ್ರಾವಣಕ್ಕೆ ಮನೆ ತೋರಿಸಲು ಸಿದ್ಧವಾಗಬೇಕೆಂಬುದು ನಮ್ಮ ಯೋಚನೆ. ಒಂದು ಲಕ್ಷದ ಮೇಲೆ ಖರ್ಚು ಮಾಡುವ ಶಕ್ತಿ ಇಲ್ಲ. ತಿಳಿದವರು ದಯವಿಟ್ಟು ಹೇಳಿ.

ಮೂವತ್ತು ಮನೆ ನೋಡಿದವನು

ಕಳೆದ ವರ್ಷ ಮೈಸೂರಿನಲ್ಲಿಯೇ ಮನೆ ಕೊಳ್ಳಲು ಮೂವತ್ತಕ್ಕೂ ಹೆಚ್ಚು ಮನೆಗಳನ್ನು ಸುತ್ತಿದವನು ನಾನು, ಆದ್ದರಿಂದ ಕೊಳ್ಳುವವನ ಕಡೆಯಿಂದ ಹೇಳುತ್ತೇನೆ. ಬಾಗಿಲು ದಾಟಿದ ಮೊದಲ ನಿಮಿಷದಲ್ಲಿ ನಾನು ನೋಡುತ್ತಿದ್ದದ್ದು ಬೆಳಕು ಎಷ್ಟಿದೆ ಮತ್ತು ಗೋಡೆ ಒಣಗಿದೆಯೇ ಎಂಬ ಎರಡನ್ನೇ. ಬಣ್ಣ ಯಾವುದೆಂದು ಆಮೇಲೆ ನೆನಪಿಗೆ ಬರುತ್ತಿರಲಿಲ್ಲ, ಕಣ್ಣಿಗೆ ಚುಚ್ಚಿದ ಬಣ್ಣ ಮಾತ್ರ ನೆನಪಿನಲ್ಲಿ ಉಳಿಯುತ್ತಿತ್ತು. ನಾವು ಮನೆಯಲ್ಲಿ ಮಾತಾಡಿಕೊಳ್ಳುವಾಗ "ಆ ನೇರಳೆ ಗೋಡೆಯ ಮನೆ" ಎಂದು ಒಂದು ಮನೆಗೆ ಹೆಸರೇ ಬಿದ್ದಿತ್ತು, ಅದರ ಅಡುಗೆಮನೆ ಎಷ್ಟು ಚೆನ್ನಾಗಿತ್ತೆಂಬುದು ಯಾರಿಗೂ ನೆನಪಿರಲಿಲ್ಲ. ಟೆಕ್ಸ್ಚರ್ ಗೋಡೆಯ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಅದನ್ನು ಇಷ್ಟಪಡದವನು, ಕೆರೆದು ತೆಗೆಸುವ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡುತ್ತಾನೆ.

ದಳ್ಳಾಳಿ ಕೆಲಸದವನು

ಕಹಿ ಮಾತೆಂದು ತಿಳಿಯಬೇಡಿ. ಕುವೆಂಪುನಗರದಲ್ಲಿ ನಲವತ್ತು ವರ್ಷದ ಮನೆ ಕೊಳ್ಳುವವರಲ್ಲಿ ಬಹಳಷ್ಟು ಮಂದಿ ನಿವೇಶನಕ್ಕೆ ಹಣ ಕೊಡುತ್ತಾರೆ, ಕಟ್ಟಡಕ್ಕಲ್ಲ. ಕೆಡವಿ, ಮೂರು ಮಹಡಿ ಎಬ್ಬಿಸುವವನಿಗೆ ನಿಮ್ಮ ಗೋಡೆ ಬಿಳಿಯಾದರೇನು, ಹಸಿರಾದರೇನು? ಆ ಒಂದು ಲಕ್ಷವನ್ನು ಇ-ಖಾತೆ, ಋಣಭಾರ ಪತ್ರ, ಪೌತಿ ಖಾತೆಯ ವರ್ಗಾವಣೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ) ಇವುಗಳನ್ನು ಸರಿಪಡಿಸಿಕೊಳ್ಳಲು ಇಟ್ಟುಕೊಳ್ಳಿ. ಕಾಗದಪತ್ರ ಅಚ್ಚುಕಟ್ಟಾಗಿರುವ ಮನೆ ಬೇಗ ಕೈ ಬದಲಾಗುತ್ತದೆ.

ಧಾರವಾಡದ ಅಂಗಳ

ಕಾಗದಪತ್ರದ ಮಾತನ್ನು ಒಪ್ಪುತ್ತೇನೆ, ಉಳಿದದ್ದನ್ನು ಒಪ್ಪುವುದಿಲ್ಲ. ಕೆಡವುವವನೂ ನಕ್ಷೆ ಮಂಜೂರಾಗಿ ಸಾಲ ಸಿಗುವವರೆಗೆ ಒಂದೆರಡು ವರ್ಷ ಆ ಮನೆಯನ್ನು ಬಾಡಿಗೆಗೆ ಕೊಡುತ್ತಾನೆ. ಒಳಗೆ ಕಾಲಿಟ್ಟರೆ ಬಾಡಿಗೆಗೆ ಹೋಗುವಂತಿದೆ ಎಂದು ಅವನಿಗೆ ಕಾಣಬೇಕು. ಧಾರವಾಡದಲ್ಲಿ ನಮ್ಮ ಕಾಕಾ ಅವರ ಮನೆಯನ್ನು ಬಣ್ಣ ಮಾಡಿಸದೆ ತೋರಿಸಿದಾಗ ಬಂದವರೆಲ್ಲರೂ "ಕೆಡವುವ ಮನೆ" ಎಂದೇ ಬೆಲೆ ಕಟ್ಟಿದರು. ಗೋಡೆ ಕೆರೆಸಿ ಕೆನೆ ಬಣ್ಣ ಹೊಡೆಸಿ, ಅಂಗಳ ಸ್ವಚ್ಛಗೊಳಿಸಿದ ಮೇಲೆ ಅದೇ ಮನೆಯನ್ನು ನಿವೃತ್ತ ದಂಪತಿಗಳು ತಾವೇ ಇರಲೆಂದು ಕೊಂಡರು. ಬೆಲೆ ಎಷ್ಟು ಏರಿತೆಂದು ಲೆಕ್ಕ ಹಾಕಲಿಲ್ಲ, ಆದರೆ ಕೊಳ್ಳುವ ಜನರೇ ಬೇರೆಯಾದರು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ದಳ್ಳಾಳಿ ಕೆಲಸದವನು

ನಿವೃತ್ತರು ಕೊಳ್ಳುವ ಸಾಧ್ಯತೆ ಇದ್ದರೆ ಸರಿ. ಹಾಗಿದ್ದರೆ ಮೊದಲು ಅಕ್ಕಪಕ್ಕದ ಬೀದಿಗಳಲ್ಲಿ ಇತ್ತೀಚೆಗೆ ಮಾರಾಟವಾದ ಇಂಥ ಮನೆಗಳು ಏನಾಗಿವೆ ಎಂದು ನೋಡಿ ಬನ್ನಿ, ಉಳಿದಿವೆಯೋ ಕೆಡವಿದ್ದಾರೋ ಎಂದು. ಖರ್ಚಿನ ಪ್ರಮಾಣವನ್ನು ಅದರ ಮೇಲೆ ನಿರ್ಧರಿಸಿ.

ಕುಂಚದ ಮೇಸ್ತ್ರಿ

ಇಪ್ಪತ್ತೆರಡು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಬಣ್ಣ ಆರಿಸುವ ಮೊದಲು ನಿಮ್ಮ ಗೋಡೆಯ ಮೇಲೆ ಏನಿದೆ ಎಂಬುದನ್ನು ನೋಡಬೇಕು. ಹಳೆಯ ಡಿಸ್ಟೆಂಪರಿನ ಮೇಲೆ, ಅದರಡಿಯಲ್ಲಿ ಸುಣ್ಣದ ಪದರವಿದ್ದರಂತೂ ಇನ್ನೂ ಹೆಚ್ಚು, ನೇರವಾಗಿ ಎಮಲ್ಷನ್ (ನೀರು ಬೆರೆಸಿ ಹೊಡೆಯುವ, ತೊಳೆಯಬಹುದಾದ ಬಣ್ಣ) ಹೊಡೆದರೆ ಅದು ಹಿಡಿಯುವುದಿಲ್ಲ, ಒಂದು ಮಳೆಗಾಲ ಕಳೆಯುವುದರೊಳಗೆ ಹಪ್ಪಳದಂತೆ ಎದ್ದು ಬರುತ್ತದೆ. ಒದ್ದೆ ಮಾಡಿದ ಕಪ್ಪು ಬಟ್ಟೆಯಿಂದ ಗೋಡೆಯನ್ನು ಉಜ್ಜಿ ನೋಡಿ. ಬಟ್ಟೆಗೆ ಪುಡಿ ಅಂಟಿದರೆ ಆ ಪದರವನ್ನು ಕೆರೆಯಲೇಬೇಕು. ಕೆರೆದು, ಪ್ರೈಮರ್ ಒಂದು ಕೈ, ಹಳ್ಳ ತಿಟ್ಟಿರುವಲ್ಲಿ ಪುಟ್ಟಿ, ಉಜ್ಜುಕಾಗದದಲ್ಲಿ ಉಜ್ಜಿ ಮತ್ತೆ ಪ್ರೈಮರ್, ಆಮೇಲೆ ಎಮಲ್ಷನ್ ಎರಡು ಕೈ. ಕೂಲಿಯ ದೊಡ್ಡ ಪಾಲು ಹೋಗುವುದು ಈ ತಯಾರಿಗೇ. ಇದನ್ನು ಬಿಟ್ಟು ಬರೀ ಎರಡು ಕೈ ಹೊಡೆಯುತ್ತೇನೆ ಎನ್ನುವವರು ಅಗ್ಗಕ್ಕೆ ಸಿಗುತ್ತಾರೆ, ಆದರೆ ಮಾರಾಟ ಎಂಟು ತಿಂಗಳು ತಡವಾದರೆ ಎಲ್ಲವನ್ನೂ ಮತ್ತೆ ಮಾಡಿಸಬೇಕಾಗುತ್ತದೆ.

ಇನ್ನು ಬಣ್ಣದ ಲೆಕ್ಕ. ಒಳಗಿನ ವಿಸ್ತೀರ್ಣವನ್ನು ಮೂರು ಅಥವಾ ಮೂರೂವರೆಯಿಂದ ಗುಣಿಸಿದರೆ ಗೋಡೆ ಮತ್ತು ಛಾವಣಿಯ ಅಂದಾಜು ಸಿಗುತ್ತದೆ. ನಿಮ್ಮ 900 ಅಡಿಗೆ ಸುಮಾರು 2,900 ಅಡಿ ಇಟ್ಟುಕೊಳ್ಳಿ, ಅದರಲ್ಲಿ ಛಾವಣಿಯ 900 ಕಳೆದರೆ ಗೋಡೆ 2,000 ಅಡಿ. ಒಳ್ಳೆಯ ಎಮಲ್ಷನ್ ಎರಡು ಕೈಗೆ ಲೀಟರಿಗೆ 120 ಅಡಿಯಷ್ಟು ಬರುತ್ತದೆ, ಆದ್ದರಿಂದ ಹದಿನೇಳು ಲೀಟರ್ ಬೇಕು. ಎಲ್ಲ ಗೋಡೆಗೂ ಒಂದೇ ಬಣ್ಣವಾದರೆ 20 ಲೀಟರಿನ ಒಂದೇ ಬಕೆಟ್ಟಿನಲ್ಲಿ ಕೆಲಸ ಮುಗಿದು, ತೇಪೆ ಹಾಕಲು ಸ್ವಲ್ಪ ಉಳಿಯುತ್ತದೆ. ಕೋಣೆಗೊಂದು ಬಣ್ಣವಾದರೆ ಚಿಕ್ಕ ಡಬ್ಬಿಗಳ ಬೆಲೆಯೂ ಹೆಚ್ಚು, ಪ್ರತಿಯೊಂದರಲ್ಲೂ ಉಳಿಯುವುದು ವ್ಯರ್ಥ.

ಎಣ್ಣೆ ಕಲೆಗೆ ನೀರಿನ ಪ್ರೈಮರ್ ಕೆಲಸ ಮಾಡುವುದಿಲ್ಲ. ಅಲ್ಲಿನ ಡಿಸ್ಟೆಂಪರನ್ನು ಗಾರೆಯವರೆಗೆ ಕೆರೆದು, ಸೋಪಿನ ಬಿಸಿನೀರಿನಲ್ಲಿ ಎರಡು ಮೂರು ಸಲ ತೊಳೆದು, ಪೂರ್ತಿ ಒಣಗಿದ ಮೇಲೆ ಟರ್ಪೆಂಟೈನ್ ಬೆರೆಸುವ ಪ್ರೈಮರ್ ಎರಡು ಕೈ ಕೊಡಬೇಕು.

ಕುವೆಂಪುನಗರದ ಮನೆ

ಮೇಸ್ತ್ರಿಗಳೇ, ಬಹಳ ಉಪಕಾರವಾಯಿತು. ಇಷ್ಟು ಬಿಡಿಸಿ ನಮಗೆ ಯಾರೂ ಹೇಳಿರಲಿಲ್ಲ. ಡಿಸ್ಟೆಂಪರಿನ ಕೆಳಗೆ ಸುಣ್ಣ ಇದೆಯೆಂದು ಅಮ್ಮ ಹೇಳುತ್ತಾರೆ, ಗೃಹಪ್ರವೇಶಕ್ಕೆ ಸುಣ್ಣವನ್ನೇ ಬಳಿಸಿದ್ದರಂತೆ. ಹಾಗಾದರೆ ಬಿಳಿಯೋ, ಬೂದುಬಣ್ಣವೋ?

ಬಿಸಿಲು ಬೆಳಕು

ಒಳಾಂಗಣ ವಿನ್ಯಾಸದ ಕೆಲಸ ಮಾಡುತ್ತೇನೆ. ನಿಮ್ಮ ನೆಲವೇ ಇದಕ್ಕೆ ಉತ್ತರ ಕೊಡುತ್ತಿದೆ ಎಂದು ನನಗೆ ಅನ್ನಿಸುತ್ತದೆ. ರೆಡ್ ಆಕ್ಸೈಡ್ ನೆಲದ ಮೇಲೆ ಬೆಳಕು ಬಿದ್ದಾಗ ಅದರ ಕೆಂಪು ಗೋಡೆಯ ಕೆಳಗಿನ ಎರಡು ಮೂರು ಅಡಿಗೆ ಹಬ್ಬುತ್ತದೆ. ಅಲ್ಲಿ ನೀಲಿಯ ಛಾಯೆ ಇರುವ ಬೂದುಬಣ್ಣವಿದ್ದರೆ ಆ ಕೆಂಪು ಸೇರಿ ಗೋಡೆ ಒಂದು ಬಗೆಯ ಮಾಸಿದ ನೇರಳೆಯಂತೆ ಕಾಣುತ್ತದೆ. ಅದಲ್ಲದೆ ನಿಮ್ಮದು ಪೂರ್ವದ ಬಾಗಿಲಿನ ಮನೆ. ಬೆಳಿಗ್ಗೆ ಹತ್ತರವರೆಗೆ ಬಿಸಿಲು ಒಳಗೆ ಬರುತ್ತದೆ, ಮಧ್ಯಾಹ್ನದ ಮೇಲೆ ನಡುಮನೆಗೆ ಸಿಗುವುದು ಬರೀ ಆಕಾಶದ ಬೆಳಕು, ಅದು ಸ್ವಭಾವದಿಂದಲೇ ತಣ್ಣಗಿನ ನೀಲಿ. ಸಂಜೆ ಐದಕ್ಕೆ ಕಚೇರಿ ಮುಗಿಸಿ ಮನೆ ನೋಡಲು ಬರುವವರಿಗೆ ಬೂದುಬಣ್ಣದ ನಡುಮನೆ ಮೋಡ ಕವಿದಂತೆ ಕಾಣಬಹುದು. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಅದು ಒಪ್ಪುವುದಕ್ಕೆ ಅಲ್ಲಿಯ ಬಿಳಿ ವಿಟ್ರಿಫೈಡ್ ಟೈಲ್ಸ್ ಮತ್ತು ದೊಡ್ಡ ಗಾಜಿನ ಬಾಗಿಲುಗಳು ಕಾರಣ. ತಂಗಿಯವರಿಗೆ ಇದನ್ನು ತಿಳಿಸಿ ಹೇಳಿ.

ಅಚ್ಚ ಬಿಳಿಯನ್ನೂ ನಾನು ಗೋಡೆಗೆ ಸೂಚಿಸುವುದಿಲ್ಲ. ಹಳೆಯ ಗಾರೆಯ ಪ್ರತಿ ಏರುತಗ್ಗನ್ನೂ ಅದು ಎತ್ತಿ ತೋರಿಸುತ್ತದೆ, ಕೆಂಪು ನೆಲದ ಪಕ್ಕದಲ್ಲಿ ಆಸ್ಪತ್ರೆಯ ಗೋಡೆಯಂತೆ ಬಿಳಿಚಿಕೊಳ್ಳುತ್ತದೆ. ಬಿಳಿಗೆ ತುಸುವೇ ಹಳದಿ ಅಥವಾ ಕಂದು ಬೆರೆತ ಬಣ್ಣ, ಅಂದರೆ ಮಜ್ಜಿಗೆಯ ಬಿಳಿಯಲ್ಲ, ಕಾಸಿದ ಹಾಲಿನ ಬಿಳಿ, ನಿಮ್ಮ ಮನೆಗೆ ಒಪ್ಪುತ್ತದೆ. ಛಾವಣಿಗೆ ಮಾತ್ರ ಅಚ್ಚ ಬಿಳಿ ಇರಲಿ. ಮುಖ್ಯವಾಗಿ, ಹೊಳಪಿಲ್ಲದ ಮ್ಯಾಟ್ ಎಮಲ್ಷನ್ ಆರಿಸಿ. ಹೊಳಪಿನ ಬಣ್ಣ ಹೊಡೆಸಿದರೆ ಕಿಟಕಿಯ ಬೆಳಕು ಅಡ್ಡಲಾಗಿ ಬಿದ್ದಾಗ 1986ರ ಕರಣೆಯ ಗೆರೆಗಳೆಲ್ಲ ಎದ್ದು ಕಾಣುತ್ತವೆ.

ಮೂವತ್ತು ಮನೆ ನೋಡಿದವನು

ಕೆನೆ ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ. ಹಳದಿ ಸ್ವಲ್ಪ ಹೆಚ್ಚಾದರೂ ಹೊಸದಾಗಿ ಹೊಡೆಸಿದ ಗೋಡೆಯೇ ಹತ್ತು ವರ್ಷದ ಹಿಂದೆ ಬಿಳಿ ಹೊಡೆಸಿ ಮಾಸಿದಂತೆ ಕಾಣುತ್ತದೆ. ಅಂಥ ಎರಡು ಮನೆಗಳಲ್ಲಿ, ಬಣ್ಣ ಯಾವಾಗ ಮಾಡಿಸಿದ್ದು ಎಂದು ನಾನು ಕೇಳಿದ್ದೇನೆ, ಮಾಲೀಕರು ಹೋದ ತಿಂಗಳು ಎಂದಾಗ ಅವರಿಗೂ ನನಗೂ ಮುಜುಗರವಾಯಿತು.

ಬಿಸಿಲು ಬೆಳಕು

ನಿಮ್ಮ ಮಾತು ನಿಜ. ಆದ್ದರಿಂದಲೇ ಶೇಡ್ ಕಾರ್ಡಿನ ಬೆರಳಗಲದ ಚೀಟಿಯನ್ನು ನಂಬಿ ಬಕೆಟ್ ತರಬಾರದು. ಕಾರ್ಡಿನಲ್ಲಿ ತಿಳಿಯಾಗಿ ಕಂಡ ಬಣ್ಣ ನಾಲ್ಕು ಗೋಡೆಗೆ ಬಂದಾಗ ಒಂದರ ಬಣ್ಣ ಇನ್ನೊಂದಕ್ಕೆ ಪ್ರತಿಫಲಿಸಿ ಗಾಢವಾಗುತ್ತದೆ. ಮಾದರಿಯ ಚಿಕ್ಕ ಡಬ್ಬಿಗಳನ್ನು ಮೂರು ಬಣ್ಣದಲ್ಲಿ ತಂದು, ಎರಡಡಿ ಚೌಕದ ರಟ್ಟುಗಳಿಗೆ ಎರಡು ಕೈ ಹೊಡೆದು, ಒಣಗಿಸಿ, ನೆಲಕ್ಕೆ ತಾಗುವಂತೆ ಗೋಡೆಗೆ ಆನಿಸಿಡಿ. ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಎರಡು, ಸಂಜೆ ದೀಪ ಹಾಕಿದ ಮೇಲೆ, ಹೀಗೆ ಮೂರು ಹೊತ್ತು ನೋಡಿ. ಹಸಿರು ಗೋಡೆಯ ಮೇಲೆಯೇ ನೇರವಾಗಿ ಬಳಿದು ನೋಡಿದರೆ ಸುತ್ತಲಿನ ಹಸಿರಿನಿಂದಾಗಿ ಕೆನೆ ಬಣ್ಣವೂ ಗುಲಾಬಿಯಾಗಿ ಕಾಣುತ್ತದೆ, ಆದ್ದರಿಂದ ರಟ್ಟಿನ ಹಿಂದೆ ಒಂದು ಬಿಳಿ ಬೆಡ್‌ಶೀಟ್ ಇಳಿಬಿಡಿ. ಮನೆಯ ಎಲ್ಲ ಬಲ್ಬುಗಳೂ ಒಂದೇ ತರಹದ ಬೆಳಕಿನವಾಗಿರಲಿ. ಒಂದು ಕೋಣೆಯಲ್ಲಿ 6500 ಕೆಲ್ವಿನ್ನಿನ ನೀಲಿಬಿಳಿ, ಇನ್ನೊಂದರಲ್ಲಿ 3000ದ ಹಳದಿ ಇದ್ದರೆ ಒಂದೇ ಬಕೆಟ್ಟಿನ ಬಣ್ಣ ಎರಡಾಗಿ ಕಾಣುತ್ತದೆ.

ಈಶಾನ್ಯ

ದಯವಿಟ್ಟು ವಾಸ್ತುವನ್ನು ಮರೆಯಬೇಡಿ. ಆಗ್ನೇಯದ ಅಡುಗೆಮನೆಗೆ ಅಗ್ನಿಯ ಬಣ್ಣ, ಅಂದರೆ ತಿಳಿ ಕಿತ್ತಳೆ ಅಥವಾ ಕೆಂಪಿನ ಛಾಯೆ, ಉತ್ತರಕ್ಕೆ ಹಸಿರು ಅಥವಾ ನೀಲಿ ಇದ್ದರೆ ನಂಬಿಕೆಯಿರುವವರು ಸಂತೋಷದಿಂದ ಒಪ್ಪುತ್ತಾರೆ. ಮೈಸೂರಿನಲ್ಲಿ ಮನೆ ಕೊಳ್ಳುವವರಲ್ಲಿ ನಂಬಿಕೆಯುಳ್ಳವರೇ ಹೆಚ್ಚು.

ಧಾರವಾಡದ ಅಂಗಳ

ನಂಬಿಕೆಯುಳ್ಳವರು ಬಾಗಿಲ ದಿಕ್ಕು, ಅಡುಗೆಮನೆಯ ಸ್ಥಾನ, ಬಾವಿ ಅಥವಾ ಸಂಪು ಎಲ್ಲಿದೆ ಎಂಬುದನ್ನು ನೋಡುತ್ತಾರೆ, ಏಕೆಂದರೆ ಅವುಗಳನ್ನು ಬದಲಿಸುವುದು ಕಷ್ಟ. ಬಣ್ಣವನ್ನು ಅವರು ತಮ್ಮ ಪುರೋಹಿತರನ್ನೋ ಜೋಯಿಸರನ್ನೋ ಕೇಳಿ ಗೃಹಪ್ರವೇಶಕ್ಕೆ ಮೊದಲು ತಾವೇ ಹೊಡೆಸಿಕೊಳ್ಳುತ್ತಾರೆ. ಕೆನೆಬಿಳಿಯನ್ನು ಯಾವ ದಿಕ್ಕಿಗೂ ಬೇಡವೆಂದು ಹೇಳಿದವರನ್ನು ನಾನು ಕಂಡಿಲ್ಲ.

ಈಶಾನ್ಯ

ಅದನ್ನು ಒಪ್ಪುತ್ತೇನೆ. ದೇವರಮನೆಯ ಅರಿಸಿನ ಬಣ್ಣವನ್ನಾದರೂ ಹಾಗೆಯೇ ಉಳಿಸಿಕೊಳ್ಳಿ, ಕೆಂಪು ನೆಲದ ಮೇಲೆ ಅದು ಮಂಗಳಕರವಾಗಿ ಕಾಣುತ್ತದೆ.

ಬಿಸಿಲು ಬೆಳಕು

ಇದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಚಿಕ್ಕ ಜಾಗ, ಬಾಗಿಲು ಹಾಕಿದರೆ ಬೇರೆ ಕೋಣೆಗೆ ಸೋಂಕುವುದಿಲ್ಲ. ದೀಪದ ಮಸಿಯನ್ನು ತೊಳೆದು ಅದೇ ಬಣ್ಣವನ್ನು ತಿಳಿಯಾಗಿ ಹೊಡೆಸಿ.

ಗಾರೆ ಮತ್ತು ಸಿಮೆಂಟು

ಸಿವಿಲ್ ಇಂಜಿನಿಯರ್ ಆಗಿ ನಿವೃತ್ತನಾಗಿದ್ದೇನೆ. ಎಲ್ಲರೂ ಬಣ್ಣದ ಚರ್ಚೆಯಲ್ಲಿ ಹಿಂದಿನ ಕೋಣೆಯ ತೇವವನ್ನು ಮರೆತಿದ್ದೀರಿ. ಆ ಗೋಡೆಗೆ ಈಗಲೇ ಬಣ್ಣ ಹೊಡೆಸಿದರೆ ಹಣ ನೀರುಪಾಲು. ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ, ಒಂದು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ ಹನಿ ಮೂಡಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ, ಹೊರಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ. ಬಚ್ಚಲುಮನೆಯ ಪಕ್ಕವಾದ್ದರಿಂದ ಒಳಗೆ ಹೂತ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಕೊಳವೆ ಸೋರುತ್ತಿರಬಹುದು, ಅಥವಾ ಟೈಲ್ಸಿನ ಸಂದು ಬಿಟ್ಟಿರಬಹುದು. ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ನೀರು ಬಳಸದಿದ್ದರೂ ಗೋಡೆ ಒದ್ದೆಯಿದೆಯೇ ಎಂಬುದನ್ನು ಮೊದಲು ತಿಳಿಸಿ.

ಕುವೆಂಪುನಗರದ ಮನೆ

ತಾರಸಿಯ ಟ್ಯಾಂಕ್ ತುಂಬಿಯೇ ಇರುತ್ತದೆ ಸರ್, ಗಿಡಗಳಿಗೆ ನೀರು ಹಾಕಲು ಪಕ್ಕದ ಮನೆಯವರಿಗೆ ಕೀಲಿ ಕೊಟ್ಟಿದ್ದೇವೆ. ಗೋಡೆ ಒದ್ದೆಯಾಗಿಯೇ ಇದೆ.

ಗಾರೆ ಮತ್ತು ಸಿಮೆಂಟು

ಹಾಗಾದರೆ ಕೊಳವೆಯ ಮೇಲೆಯೇ ನನಗೆ ಅನುಮಾನ. ಟ್ಯಾಂಕಿನಿಂದ ಬಚ್ಚಲುಮನೆಗೆ ಬರುವ ವಾಲ್ವನ್ನು ಮುಚ್ಚಿ ಹತ್ತು ದಿನ ನೋಡಿ. ಗೋಡೆ ಒಣಗತೊಡಗಿದರೆ ಕಾರಣ ಸಿಕ್ಕಿತು. ಕೊಳವೆ ಸರಿಪಡಿಸಿದ ಮೇಲೆ ಉಪ್ಪು ಹಿಡಿದ ಗಾರೆಯನ್ನು ಕಿತ್ತು ಹೊಸ ಗಾರೆ ಮಾಡಿಸಿ, ಅದಕ್ಕೆ 28 ದಿನ ಬಿಡಬೇಕು. ಹಸಿ ಗಾರೆಯ ಕ್ಷಾರ ಬಣ್ಣವನ್ನು ಸುಡುತ್ತದೆ. ಅಲ್ಲಿಯವರೆಗೆ ಆ ಗೋಡೆ ಬಣ್ಣವಿಲ್ಲದೆ ಇದ್ದರೂ ಚಿಂತೆಯಿಲ್ಲ.

ದಳ್ಳಾಳಿ ಕೆಲಸದವನು

28 ದಿನ ಕಾದರೆ ಶ್ರಾವಣ ಅರ್ಧ ಮುಗಿಯುತ್ತದೆ. ಆ ಗೋಡೆಗೆ ಒಂದು ಬೀರು ನಿಲ್ಲಿಸಿದರೆ ಆಯಿತು, ಎಲ್ಲರೂ ಮಾಡುವುದು ಹಾಗೆಯೇ.

ಮೂವತ್ತು ಮನೆ ನೋಡಿದವನು

ಬೇಡ, ಖಂಡಿತ ಬೇಡ. ನಾನು ಮುಂಗಡ ಕೊಡುವ ಹಂತಕ್ಕೆ ಹೋಗಿದ್ದ ಮನೆಯೊಂದರಲ್ಲಿ ಒಂದೇ ಕೋಣೆಯ ಕೆಳಗಿನ ಮೂರಡಿಗೆ ಮಾತ್ರ ಹೊಸ ಬಣ್ಣವಿತ್ತು. ಹದಿನೈದು ದಿನ ಬಿಟ್ಟು, ಒಂದು ಮಳೆಯಾದ ಮೇಲೆ ಮತ್ತೆ ಹೋಗಿ ನೋಡಿದೆ. ಉಪ್ಪು ಹತ್ತಿಯಂತೆ ಬಣ್ಣದ ಮೇಲೆಯೇ ಅರಳಿತ್ತು. ಆ ಕ್ಷಣದಿಂದ ಮಾಲೀಕರು ಹೇಳಿದ ಉಳಿದ ಯಾವ ಮಾತನ್ನೂ ನಂಬಲು ಮನಸ್ಸಾಗಲಿಲ್ಲ. ತೇವವಿದೆ ಎಂದು ಮೊದಲೇ ಹೇಳಿದ್ದರೆ ಐವತ್ತು ಸಾವಿರ ಕಡಿಮೆ ಮಾಡಿಸಿಕೊಂಡು ಅದೇ ಮನೆಯನ್ನು ಕೊಳ್ಳುತ್ತಿದ್ದೆ.

ಕರಿಕೋಟು

ನ್ಯಾಯದ ಮಾತೂ ಇದೆ. 1882ರ ಆಸ್ತಿ ವರ್ಗಾವಣೆ ಅಧಿನಿಯಮದ 55ನೆಯ ಕಲಮಿನ ಪ್ರಕಾರ, ಮಾರುವವನಿಗೆ ತಿಳಿದಿದ್ದು ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾರದ ಮುಖ್ಯ ದೋಷವನ್ನು ತಿಳಿಸುವುದು ಮಾರುವವನ ಹೊಣೆ. ಬೀರುವಿನ ಹಿಂದೆ ಮುಚ್ಚಿಟ್ಟ ತೇವ ಈ ಮಾತಿಗೆ ಸಿಕ್ಕಿಕೊಳ್ಳುವ ಸಂಭವವಿದೆ. ಬಣ್ಣದಿಂದ ಮನೆಯನ್ನು ಚೆಂದಗಾಣಿಸಿ, ದೋಷವನ್ನು ಮಾತ್ರ ಮುಚ್ಚಬೇಡಿ.

ದಳ್ಳಾಳಿ ಕೆಲಸದವನು

ಸರಿ, ಬೀರುವಿನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಕೊಳವೆ ಸರಿಪಡಿಸಿದ ರಸೀದಿಯನ್ನು ಇಟ್ಟುಕೊಂಡು ಬಂದವರಿಗೆ ತೋರಿಸಿ, ಹೊಸ ಗಾರೆಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಸಾಗರದಾಚೆ

ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಇಲ್ಲಿ ಮನೆ ಮಾರುವಾಗ ಬಣ್ಣದ ವಿಷಯವನ್ನು ಬಹಳ ಲೆಕ್ಕಾಚಾರದಿಂದ ನೋಡುತ್ತಾರೆ. ಮನೆ ಮಾರಾಟದ ಜಾಲತಾಣ ನಡೆಸುವ ಝಿಲ್ಲೋ ಎಂಬ ಸಂಸ್ಥೆ, ಮಾರಾಟವಾದ ಮನೆಗಳ ಚಿತ್ರಗಳನ್ನು ಪರಿಶೀಲಿಸಿ, 2017ರಲ್ಲಿ, ತಿಳಿನೀಲಿಯ ಬಚ್ಚಲುಮನೆ ಇದ್ದ ಮನೆಗಳು ನಿರೀಕ್ಷೆಗಿಂತ ಸರಾಸರಿ 5,440 ಡಾಲರ್ ಹೆಚ್ಚಿಗೆ ಹೋದವೆಂದು ಹೇಳಿತ್ತು. ಆದ್ದರಿಂದ ಎಲ್ಲವನ್ನೂ ಬಿಳಿ ಮಾಡಬೇಕೆಂಬ ನಿಯಮವೇನಿಲ್ಲ.

ಬಿಸಿಲು ಬೆಳಕು

ಆ ಲೆಕ್ಕವನ್ನು ನಾನೂ ಓದಿದ್ದೇನೆ. ತಿಳಿನೀಲಿ ಹೊಡೆಸಿದವರು ಬಚ್ಚಲುಮನೆಯ ಉಳಿದ ಕೆಲಸವನ್ನೂ ಹೊಸದಾಗಿ ಮಾಡಿಸಿರಬಹುದಲ್ಲವೇ? ಬೆಲೆ ಏರಿದ್ದು ನೀಲಿಯಿಂದಲೇ ಎಂದು ಹೇಳಲು ಬರುವುದಿಲ್ಲ. ನಮ್ಮಲ್ಲಿ ಬಚ್ಚಲುಮನೆಯ ಗೋಡೆಗೆ ಏಳಡಿಯವರೆಗೆ ಟೈಲ್ಸ್ ಇರುವುದರಿಂದ ಬಣ್ಣಕ್ಕೆ ಜಾಗವೂ ಕಡಿಮೆ.

ಸಾಗರದಾಚೆ

ಒಪ್ಪುತ್ತೇನೆ. ಇಲ್ಲಿಂದ ಕಲಿಯಬೇಕಾದ ಇನ್ನೊಂದು ವಿಷಯ ಸೀಸದ ಬಗ್ಗೆ. ಇಲ್ಲಿ 1978ಕ್ಕಿಂತ ಮೊದಲು ಕಟ್ಟಿದ ಮನೆ ಮಾರುವವರು ಬಣ್ಣದಲ್ಲಿ ಸೀಸವಿರುವುದು ತಮಗೆ ತಿಳಿದಿದ್ದರೆ ಲಿಖಿತವಾಗಿ ತಿಳಿಸಲೇಬೇಕು.

ಗಾರೆ ಮತ್ತು ಸಿಮೆಂಟು

ನಮ್ಮಲ್ಲಿ ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ 2016ರಲ್ಲಿ ಹೊರಟು, 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಅಂದರೆ 1986ರ ಕಿಟಕಿ, ಗ್ರಿಲ್, ಬಾಗಿಲುಗಳ ಹಳೆಯ ಎನಾಮೆಲ್ ಪದರಗಳಲ್ಲಿ ಸೀಸ ಇರುವ ಸಾಧ್ಯತೆಯನ್ನು ಗಮನದಲ್ಲಿಟ್ಟುಕೊಂಡೇ ಕೆಲಸ ಮಾಡಿಸಬೇಕು. ಒಣಗಿದ ಎನಾಮೆಲನ್ನು ಹಾಗೆಯೇ ಉಜ್ಜಿ ಧೂಳೆಬ್ಬಿಸಬೇಡಿ, ನೀರು ಹಚ್ಚಿ ಉಜ್ಜುವ ಕಾಗದವನ್ನೇ ಬಳಸಲು ಹೇಳಿ. ಆ ದಿನಗಳಲ್ಲಿ ಮಕ್ಕಳು, ಗರ್ಭಿಣಿಯರು ಮನೆಯೊಳಗೆ ಇರಬಾರದು. ಕೆಲಸದವರ ಮುಖಕ್ಕೆ ಮಾಸ್ಕ್ ಕೊಡಿಸುವುದು ನಿಮ್ಮ ಹೊಣೆ.

ಕುಂಚದ ಮೇಸ್ತ್ರಿ

ಸರ್ ಹೇಳಿದ್ದು ನನ್ನಂಥವರ ಮನಸ್ಸಿಗೆ ತಟ್ಟುವ ಮಾತು. ಎಷ್ಟೋ ವರ್ಷ ನಾವು ಟವೆಲ್ ಕಟ್ಟಿಕೊಂಡು ಉಜ್ಜಿದ್ದೇವೆ. ಬಿಳಿ ಎನಾಮೆಲ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಬೆಳಕು ಬೀಳದ ಒಳಬಾಗಿಲಿಗೆ ಎಣ್ಣೆ ಆಧಾರದ ಬಿಳಿ ಹೊಡೆಸಿದರೆ ಅದು ಹಳದಿಗೆ ತಿರುಗುತ್ತದೆ, ನೀರಿನ ಆಧಾರದ ಎನಾಮೆಲ್ ಅಷ್ಟು ತಿರುಗುವುದಿಲ್ಲ. ಮುಂಬಾಗಿಲು ತೇಗದ್ದಾಗಿದ್ದರೆ ಅದಕ್ಕೆ ಬಣ್ಣ ಮುಟ್ಟಿಸಬೇಡಿ, ಹಳೆಯ ವಾರ್ನಿಷ್ ತೆಗೆಸಿ ಪಾಲಿಶ್ ಮಾಡಿಸಿ.

ಮರೆಯಬಾರದ ಇನ್ನೊಂದು ಸಂಗತಿ ನೆಲದ್ದು. ರೆಡ್ ಆಕ್ಸೈಡ್ ನೆಲದ ಮೇಲೆ ಪುಟ್ಟಿಯ ನೀರು ಬಿದ್ದು ಒಣಗಿದರೆ ಬಿಳಿ ಕಲೆ ಸುಲಭಕ್ಕೆ ಹೋಗುವುದಿಲ್ಲ, ಪುಟ್ಟಿಯ ಪುಡಿಯ ಮೇಲೆ ಏಣಿ ಎಳೆದರೆ ಗೀರು ಬೀಳುತ್ತದೆ. ಏಣಿಯ ಕಾಲಿಗೆ ಹಳೆ ಬಟ್ಟೆ ಸುತ್ತಿಸಿ, ನೆಲಕ್ಕೆ ಮೊದಲು ಪ್ಲಾಸ್ಟಿಕ್, ಅದರ ಮೇಲೆ ಗೋಣಿಚೀಲ ಹಾಸಿಸಿ. ಅಂಥ ನೆಲ ಮಾಡುವ ಕೈಗಳು ಈಗ ಕಡಿಮೆ, ನಿಮ್ಮ ಮನೆಯಲ್ಲಿ ಬೆಲೆ ಬಾಳುವ ವಸ್ತು ಅದು.

ಹಂಚಿನ ಮಾಡು

ಮಂಗಳೂರಿನ ಕಡೆಯಿಂದ. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವುದರಿಂದ ಹೊರಗೋಡೆಗೆ ದೀಪಾವಳಿಯ ಮೊದಲು ಬಣ್ಣ ಮುಟ್ಟಿಸುವುದಿಲ್ಲ. ಮೈಸೂರಿನ ಮಳೆ ಅಷ್ಟಿಲ್ಲದಿದ್ದರೂ ಹೊರಗಿನ ಕೆಲಸವನ್ನು ಆಷಾಢದಲ್ಲಿ ಆರಂಭಿಸಬೇಡಿ. ಹೊರಗೆ ಕಡುಕೆಂಪು, ಕಡುಹಳದಿಯ ಆಕರ್ಷಕ ಬಣ್ಣಗಳು ಬಿಸಿಲಿಗೆ ಬೇಗ ಬೆಳ್ಳಗಾಗುತ್ತವೆ, ಕಾವಿ ಮತ್ತು ಗೋಪಿಯಂತಹ ಮಣ್ಣಿನ ಬಣ್ಣಗಳು ಬಾಳುತ್ತವೆ. ಕೆನೆಬಿಳಿ ಗೋಡೆಗೆ ಸಜ್ಜಾ ಮತ್ತು ಕೆಳಪಟ್ಟಿ ಮಾತ್ರ ಕಾವಿಯಾದರೆ ಮಳೆ ಹನಿ ಎಗರಿಸಿದ ಮಣ್ಣಿನ ಕಲೆಯೂ ಕಾಣುವುದಿಲ್ಲ.

ಮೊದಲ ಮಹಡಿ

ಬಣ್ಣದ ಮಾತು ಬಂದಿದ್ದರಿಂದ ಹೇಳುತ್ತೇನೆ. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಶಾಯಿಯನ್ನು 1962ರಿಂದ ತಯಾರಿಸುತ್ತಿರುವುದು ನಿಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯೇ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1937ರಲ್ಲಿ ಆರಂಭವಾದದ್ದು.

ಧಾರವಾಡದ ಅಂಗಳ

ಹೆಮ್ಮೆಯ ಸಂಗತಿ. ಆದರೆ ಆ ಬಣ್ಣ ಹೋಗುವುದೇ ಇಲ್ಲ, ನಮಗೆ ಬೇಕಿರುವುದು ಕಲೆ ಹೋಗಿಸುವ ದಾರಿ. ಕುವೆಂಪುನಗರದವರೇ, ಏನು ತೀರ್ಮಾನಿಸಿದಿರಿ?

ಕುವೆಂಪುನಗರದ ಮನೆ

ಮೂರು ವಾರದ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮಿಸಿ. ದಳ್ಳಾಳಿ ಕೆಲಸದ ಅಣ್ಣನವರು ಹೇಳಿದಂತೆ ಸುತ್ತಲಿನ ಬೀದಿಗಳಲ್ಲಿ ವಿಚಾರಿಸಿದೆ. ಇತ್ತೀಚೆಗೆ ಮಾರಾಟವಾದ ಐದು ಹಳೆಯ ಮನೆಗಳಲ್ಲಿ ಮೂರನ್ನು ಕೆಡವಿದ್ದಾರೆ, ಎರಡರಲ್ಲಿ ಕೊಂಡವರೇ ಇದ್ದಾರೆ. ಆದ್ದರಿಂದ ಖರ್ಚನ್ನು ಎಪ್ಪತ್ತು ಸಾವಿರಕ್ಕೆ ನಿಲ್ಲಿಸಿ, ಒಳಗೆ ಮಾತ್ರ, ಎಲ್ಲ ಗೋಡೆಗೂ ಒಂದೇ ಬಣ್ಣ ಎಂದು ನಿಶ್ಚಯಿಸಿದೆವು. ಬಚ್ಚಲುಮನೆಯ ವಾಲ್ವ್ ಮುಚ್ಚಿದ ಎಂಟನೆಯ ದಿನಕ್ಕೆ ಹಿಂದಿನ ಕೋಣೆಯ ಗೋಡೆ ಒಣಗತೊಡಗಿತು. ಕೊಳವೆ ಬದಲಿಸಿ ಹೊಸ ಗಾರೆ ಮಾಡಿಸಿದ್ದೇವೆ, ಆ ಗೋಡೆ ಈಗ ಬೂದು ಸಿಮೆಂಟಾಗಿಯೇ ನಿಂತಿದೆ, ರಸೀದಿ ಜೋಪಾನವಾಗಿದೆ.

ರಟ್ಟುಗಳನ್ನು ಇಟ್ಟ ದಿನ ಅಮ್ಮನೂ ಬಂದಿದ್ದರು. ಬೂದುಬಣ್ಣದ ರಟ್ಟು ಸಂಜೆ ಐದಕ್ಕೆ ಕೆಂಪು ನೆಲದ ಪಕ್ಕದಲ್ಲಿ ನಿಜವಾಗಿಯೂ ಮಾಸಿದ ನೇರಳೆಯಾಯಿತು, ತಂಗಿ ತಾನಾಗಿಯೇ ಅದನ್ನು ಎತ್ತಿ ಪಕ್ಕಕ್ಕಿಟ್ಟಳು. ಅಣ್ಣನ ಬಿಳಿ ಬೆಳಿಗ್ಗೆ ಚೆನ್ನಾಗಿತ್ತು, ದೀಪ ಹಾಕಿದ ಮೇಲೆ ಕಣ್ಣಿಗೆ ಹೊಡೆಯಿತು. ಕಾಸಿದ ಹಾಲಿನ ಬಣ್ಣಕ್ಕೆ ಮೂವರೂ ಒಪ್ಪಿದೆವು. ದೇವರಮನೆ ಅರಿಸಿನವಾಗಿಯೇ ಉಳಿಯಿತು.

ಎಣ್ಣೆಯ ಕಲೆಯನ್ನು ತೊಳೆಯುವ ಕೆಲಸವನ್ನು ಅಮ್ಮ ಯಾರಿಗೂ ಬಿಡಲಿಲ್ಲ. ಕುರ್ಚಿಯ ಮೇಲೆ ಕೂತು, ಬಿಸಿನೀರಿನ ಬಕೆಟ್ ಪಕ್ಕದಲ್ಲಿಟ್ಟುಕೊಂಡು ತಾವೇ ಮೂರು ಸಲ ಉಜ್ಜಿದರು. ಕೊಬ್ಬರಿ ಎಣ್ಣೆ ಸಾಕು, ಇಷ್ಟೊಂದು ಹಚ್ಚಬೇಡಿ ಎಂದು ದಿನಾ ಹೇಳುತ್ತಿದ್ದೆ ಎಂದರು. ಟರ್ಪೆಂಟೈನ್ ಪ್ರೈಮರ್ ಎರಡು ಕೈ, ಎಮಲ್ಷನ್ ಎರಡು ಕೈ ಆಗಿ ಹನ್ನೆರಡು ದಿನವಾಯಿತು, ಇನ್ನೂ ಮೇಲೆ ಬಂದಿಲ್ಲ.

ಒಂದು ಪ್ರಶ್ನೆ ಉಳಿದಿದೆ. ಸಿಮೆಂಟು ಗೋಡೆಗೆ ಬಣ್ಣ ಬರಲು ಇನ್ನೂ ಎರಡು ವಾರ ಬೇಕು. ಮಾರಾಟದ ಚಿತ್ರಗಳನ್ನು ಈಗಲೇ ಹಾಕಬಹುದೇ?

ಮೂವತ್ತು ಮನೆ ನೋಡಿದವನು

ಹಾಕಿ. ಆ ಕೋಣೆಯ ಚಿತ್ರವನ್ನೂ ಹಾಕಿ, ಕೊಳವೆ ಬದಲಿಸಿದ ತಾರೀಖನ್ನು ಕೆಳಗೆ ಬರೆಯಿರಿ. ನಾನಾಗಿದ್ದರೆ ಮೊದಲು ನೋಡಲು ಬರುತ್ತಿದ್ದದ್ದು ಆ ಮನೆಯನ್ನೇ.

ಬಿಸಿಲು ಬೆಳಕು

ನಡುಮನೆಯ ಚಿತ್ರವನ್ನು ಬೆಳಿಗ್ಗೆ ಒಂಬತ್ತರ ಸುಮಾರಿಗೆ, ಪರದೆ ತೆಗೆದು, ದೀಪ ಆರಿಸಿ, ನೆಲ ಒರೆಸಿದ ಕೂಡಲೇ ತೆಗೆಯಿರಿ. ಕಿಟಕಿಯ ಎದುರಿಗಲ್ಲ, ಕಿಟಕಿಯನ್ನು ಬೆನ್ನಿಗೆ ಹಾಕಿಕೊಂಡು ನಿಲ್ಲಿ.

ಕುಂಚದ ಮೇಸ್ತ್ರಿ

ಉಳಿದ ಬಣ್ಣವನ್ನು ಗಾಳಿಯಾಡದ ಹಾಗೆ ಮುಚ್ಚಿ, ಡಬ್ಬಿಯ ಮೇಲಿನ ಶೇಡ್ ನಂಬರನ್ನು ಬರೆದಿಟ್ಟುಕೊಳ್ಳಿ. ಸಿಮೆಂಟು ಗೋಡೆಗೆ ಆ ಬಕೆಟ್ಟಿನದ್ದನ್ನೇ ಹೊಡೆಸಿ, ಹೊಸದಾಗಿ ಕಲಸಿ ತಂದರೆ ಒಂದು ಕೂದಲೆಳೆ ವ್ಯತ್ಯಾಸ ಬಂದೇ ಬರುತ್ತದೆ.